ಬೀಜದ ಬುತ್ತಿಯಲ್ಲೇ ಬೆಳೆಯುವ ಎಳೆಸೊಪ್ಪು

ನಮ್ಮ ಮನೆಯ ಬಾಲ್ಕನಿಯ ಅಗಲ ಮೂರಡಿ, ಉದ್ದ ಎಂಟಡಿ. ಅದರಲ್ಲಿ ಅರ್ಧವನ್ನು ಬಟ್ಟೆ ಒಣಗಿಸುವ ಸ್ಟ್ಯಾಂಡ್ ಹಿಡಿದುಕೊಂಡಿದೆ. ಉಳಿದರ್ಧಕ್ಕೆ ಬೆಳಗಿನ ಏಳರಿಂದ ಹತ್ತರವರೆಗೆ ಮಾತ್ರ ಬಿಸಿಲು, ಆಮೇಲೆ ನಮ್ಮದೇ ಕಟ್ಟಡದ ನೆರಳು. ಈ ಮೂರು ಗಂಟೆಯ ಬಿಸಿಲನ್ನು ನಂಬಿ ಟೊಮೆಟೊ, ಮೆಣಸಿನಕಾಯಿ, ಪಾಲಕ್ ಎಂದು ಒಂದೊಂದಾಗಿ ಕುಂಡಕ್ಕೆ ಹಾಕಿ, ಒಂದೊಂದರಲ್ಲೂ ಸೋತ ಮೇಲೆ, ಎರಡು ವರ್ಷಗಳ ಹಿಂದೆ, ಈಗ ಎಲ್ಲರೂ ಮೈಕ್ರೋಗ್ರೀನ್ಸ್ ಎಂದು ಕರೆಯುವ ಎಳೆಸೊಪ್ಪಿನ ಕಡೆಗೆ ಬಂದೆ. ಮೊದಲ ಬೆಳೆ ಮೆಂತ್ಯದ್ದು. ಸ್ವೀಟ್ ಡಬ್ಬಿಯೊಂದರಲ್ಲಿ ಬೆಳೆದದ್ದನ್ನು ಕತ್ತರಿಯಿಂದ ಕೊಯ್ದು, ಬಟ್ಟಲಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಾಗ ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ಅದರೊಳಗೆ ಇಣುಕಿ, “ಏಳೆಂಟು ದಿನ ಕಾದಿದ್ದು ಇಷ್ಟಕ್ಕೇನಾ? ಇದನ್ನ ಸಾರಿಗೆ ಹಾಕ್ತೀಯೋ, ದೇವರ ಮುಡಿಗೆ ಇಡ್ತೀಯೋ?” ಎಂದು ಕೇಳಿದರು.

ಅವರ ಪ್ರಶ್ನೆ ನ್ಯಾಯವಾದದ್ದೇ. ಮೈಸೂರು ಕಡೆಯ ಮದುವೆಗಳಲ್ಲಿ ಅಂಕುರಾರ್ಪಣೆಯ ಪಾಲಿಕೆಗಳೆಂಬ ಮಣ್ಣಿನ ಕುಡಿಕೆಗಳಲ್ಲಿ ನವಧಾನ್ಯ ಚಿಗುರಿಸುವುದನ್ನು ನೋಡಿ ಬೆಳೆದವರಿಗೆ ಬೆರಳುದ್ದದ ಪೈರು ಎಂದರೆ ಮಂಗಳಕಾರ್ಯದ ಗುರುತೇ ಹೊರತು ಊಟದ ವಸ್ತುವಲ್ಲ. ನನ್ನ ತವರು ಧಾರವಾಡದ ಕಡೆಯದು. ಅಲ್ಲಿ ಮಹಾನವಮಿಗೆ ಘಟ್ಟ ಹಾಕಿ, ಮಣ್ಣಿನಲ್ಲಿ ಕಾಳು ಬಿತ್ತಿ, ಒಂಬತ್ತು ದಿನ ಬೆಳೆದ ಸಸಿಯನ್ನು ದಸರೆಯ ದಿನ ಗಂಡಸರು ಟೋಪಿಗೂ ಹೆಂಗಸರು ಮುಡಿಗೂ ಸಿಕ್ಕಿಸಿಕೊಳ್ಳುತ್ತಿದ್ದರು. ಅದನ್ನು ಯಾರೂ ತಿನ್ನುತ್ತಿರಲಿಲ್ಲ. ತಿನ್ನದೆ ಇದ್ದದ್ದು ಒಳ್ಳೆಯದೇ ಆಯಿತು, ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಎಳೆಸೊಪ್ಪು ಮೊಳಕೆಕಾಳಿಗಿಂತ ಬೇರೆ ಎಂಬುದನ್ನು ಮೊದಲು ಹೇಳಬೇಕು. ಹೆಸರುಕಾಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಎರಡು ಮೂರು ದಿನದಲ್ಲಿ ಮೊಳಕೆ ಬರುತ್ತದೆ. ಅದನ್ನು ಬೇರು, ಕಾಳು ಸಮೇತ ತಿನ್ನುತ್ತೇವೆ. ಎಳೆಸೊಪ್ಪನ್ನು ಮಣ್ಣಿನಲ್ಲೋ ಕೋಕೋಪೀಟ್ ಎಂಬ ತೆಂಗಿನ ನಾರಿನ ಪುಡಿಯಲ್ಲೋ ಬಿತ್ತಿ, ಬೆಳಕಿನಲ್ಲಿ ಹಸಿರಾಗಿಸಿ, ಬೀಜದೊಳಗೆ ಮಡಿಸಿಕೊಂಡಿದ್ದ ಎರಡು ಬೀಜದಳಗಳು ಪೂರ್ತಿ ತೆರೆದು ನಿಜವಾದ ಮೊದಲ ಎಲೆ ಮೂಡುವ ಹೊತ್ತಿಗೆ ಬೇರನ್ನು ಬಿಟ್ಟು ಬುಡದ ಮೇಲೆ ಕೊಯ್ಯುತ್ತೇವೆ. ಸಾಸಿವೆ ಮತ್ತು ಮೂಲಂಗಿಗೆ ಏಳೆಂಟು ದಿನ, ಮೆಂತ್ಯಕ್ಕೆ ಎಂಟರಿಂದ ಹತ್ತು, ಹರಿವೆಗೆ ಹನ್ನೆರಡರಿಂದ ಹದಿನೈದು, ಕೊತ್ತಂಬರಿಗೆ ಮೂರು ವಾರ ಬೇಕು. ಬೆಂಗಳೂರಿನ ಹವೆಯಲ್ಲಿ ನನಗೆ ಹಿಡಿದ ಕಾಲ ಇದು. ರಾಯಚೂರಿನಲ್ಲಿ ಬೆಳೆಯುವವರಿಗೆ ಒಂದೆರಡು ದಿನ ಕಡಿಮೆ ಸಾಕಾಗಬಹುದು.

ಇಷ್ಟು ಕಡಿಮೆ ಅವಧಿಯಲ್ಲಿ ಸಸಿ ಮಣ್ಣಿನಿಂದ ಪಡೆಯುವುದು ಹೆಚ್ಚು ಕಡಿಮೆ ನೀರನ್ನು ಮಾತ್ರ. ದೂರ ಹೊರಟವರಿಗೆ ಮನೆಯಿಂದ ಬುತ್ತಿ ಕಟ್ಟಿ ಕೊಡುವಂತೆ ತಾಯಿಗಿಡವು ಪ್ರತಿ ಬೀಜಕ್ಕೂ ಎಣ್ಣೆ, ಪಿಷ್ಟ, ಸಸಾರಜನಕಗಳ ಬುತ್ತಿಯನ್ನು ಕಟ್ಟಿ ಕಳುಹಿಸಿರುತ್ತದೆ. ಬೇರು ಇಳಿದು, ಎಲೆ ಬಲಿತು, ಗಿಡ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುವವರೆಗೆ ಅದು ಆ ಬುತ್ತಿಯನ್ನೇ ಬಿಚ್ಚಿ ತಿನ್ನುತ್ತದೆ. ನಾವು ಕೊಯ್ಯುವುದು ಬುತ್ತಿ ಇನ್ನೂ ಪೂರ್ತಿ ಖಾಲಿಯಾಗದ ಹೊತ್ತಿನಲ್ಲಿ. ಆದ್ದರಿಂದ ಗೊಬ್ಬರ ಬೇಡ, ಎರೆಹುಳುವಿನ ಗೊಬ್ಬರ ಬೇಡ, ದ್ರವಗೊಬ್ಬರವಂತೂ ಬೇಡವೇ ಬೇಡ. ನಾನು ಆರಂಭದಲ್ಲಿ ಮೂರು ತಿಂಗಳು ತಲೆ ಕೆಡಿಸಿಕೊಂಡದ್ದು ಯಾವ ಮಣ್ಣು, ಯಾವ ಗೊಬ್ಬರ, ಯಾವ ಟ್ರೇ ಎಂಬುದರ ಬಗ್ಗೆ. ತಲೆ ಕೆಡಿಸಿಕೊಳ್ಳಬೇಕಾಗಿದ್ದದ್ದು ಬೀಜದ ಬಗ್ಗೆ.

ಒಳ್ಳೆಯ ಸುದ್ದಿಯೆಂದರೆ ಕನ್ನಡದ ಅಡುಗೆಮನೆಯಲ್ಲಿ ಬೀಜಕ್ಕೆ ಬರವಿಲ್ಲ. ಒಗ್ಗರಣೆ ಡಬ್ಬಿಯ ಸಾಸಿವೆ, ದೋಸೆಗೆ ನೆನೆಹಾಕುವ ಮೆಂತ್ಯ, ಸಾರಿನ ಪುಡಿಗೆ ಹುರಿಯುವ ಕೊತ್ತಂಬರಿ, ಬಾಣಂತಿಯರ ಪಾಯಸಕ್ಕೆ ತರುವ ಅಳ್ವಿ, ಇವೆಲ್ಲ ತಿನ್ನುವುದಕ್ಕೆಂದೇ ಮಾರುವ ಬೀಜಗಳು. ಔಷಧಿ ಸವರಿದ ಭಯವಿಲ್ಲ. ಸಾಸಿವೆ ಮತ್ತು ಮೆಂತ್ಯ ದಿನಸಿ ಅಂಗಡಿಯಿಂದ ತಂದದ್ದಾದರೂ ನೂರಕ್ಕೆ ಎಂಬತ್ತು ತೊಂಬತ್ತು ಮೊಳೆಯುತ್ತವೆ. ಕೊತ್ತಂಬರಿಯನ್ನು ನಂಬುವ ಹಾಗಿಲ್ಲ. ಎಷ್ಟು ಹಳೆಯದೋ, ಯಾವ ಬಿಸಿಲಿನಲ್ಲಿ ಎಷ್ಟು ದಿನ ಒಣಗಿತ್ತೋ ಗೊತ್ತಾಗುವುದಿಲ್ಲ. ಹಾಗಾಗಿ ಹೊಸ ಪೊಟ್ಟಣ ತಂದಾಗಲೆಲ್ಲ ಇಪ್ಪತ್ತು ಬೀಜಗಳನ್ನು ಎಣಿಸಿ, ಒದ್ದೆ ಬಟ್ಟೆಯ ಮಡಿಕೆಯಲ್ಲಿಟ್ಟು, ಸ್ಟೀಲಿನ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಹದಿನಾರಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಸಾರಿನ ಪುಡಿಗೆ ಹೋಗುತ್ತದೆ. ಮೊಳೆಯದ ಬೀಜ ಟ್ರೇಯಲ್ಲಿ ಸುಮ್ಮನೆ ಕೂರುವುದಿಲ್ಲ. ಅದು ಕೊಳೆತು ಪಕ್ಕದ ಹತ್ತು ಸಸಿಗಳಿಗೆ ಬೂಷ್ಟು ಹಚ್ಚುತ್ತದೆ.

ಒಗ್ಗರಣೆ ಡಬ್ಬಿಯಲ್ಲಿ ಸಿಗದ ಬೀಜಕ್ಕೆ ಹೋದಾಗಲೇ ನಾನು ದೊಡ್ಡ ತಪ್ಪು ಮಾಡಿದ್ದು. ಮೂಲಂಗಿ ಬೀಜ ಬೇಕಿತ್ತು. ಊರಿಗೆ ಹೋದಾಗ ಬೀಜದ ಅಂಗಡಿಯೊಂದರಲ್ಲಿ ನೂರು ಗ್ರಾಂ ಚಿಲ್ಲರೆಯಾಗಿ ಕಾಗದದ ಪೊಟ್ಟಣ ಕಟ್ಟಿಸಿಕೊಂಡು ಬಂದೆ. ಬೀಜ ಮುದ್ದಾದ ಗುಲಾಬಿ ಬಣ್ಣದಲ್ಲಿತ್ತು. ಗುಲಾಬಿ ದಂಟಿನ ಮೂಲಂಗಿ ಸಸಿಯ ಚಿತ್ರಗಳನ್ನು ಕಂಡಿದ್ದ ನಾನು ಬೀಜವೂ ಹಾಗೆಯೇ ಇರುತ್ತದೆಂದು ಹಿಗ್ಗಿದೆ. ಬಿತ್ತುವ ಮುನ್ನ ಬಟ್ಟಲಲ್ಲಿ ನೀರು ಹಾಕಿದಾಗ ನೀರೆಲ್ಲ ಗುಲಾಬಿಯಾಯಿತು, ಬೆರಳ ತುದಿಗೂ ಬಣ್ಣ ಹತ್ತಿತು, ತೊಳೆದ ಬೀಜ ಎಲ್ಲ ಮೂಲಂಗಿ ಬೀಜದಂತೆ ಕಂದು ಬಣ್ಣಕ್ಕೆ ತಿರುಗಿತು. ಅದು ಥೈರಮ್‌ನಂಥ ಶಿಲೀಂಧ್ರನಾಶಕದಲ್ಲಿ ಹೊರಳಿಸಿದ ಬೀಜ. ತಿನ್ನಬಾರದೆಂದು ಎಚ್ಚರಿಸುವುದಕ್ಕಾಗಿಯೇ ಅದಕ್ಕೆ ಬಣ್ಣ ಸೇರಿಸಿರುತ್ತಾರೆ. ಮೂಲ ಚೀಲದ ಮೇಲೆ ಆಹಾರಕ್ಕೆ ಬಳಸಬಾರದೆಂಬ ಸೂಚನೆ ಇದ್ದೇ ಇರುತ್ತದೆ, ಆದರೆ ಚಿಲ್ಲರೆ ಪೊಟ್ಟಣಕ್ಕೆ ಆ ಸೂಚನೆ ದಾಟಿ ಬರುವುದಿಲ್ಲ. ಹೊಲದಲ್ಲಿ ಎರಡು ತಿಂಗಳು ಬೆಳೆಯುವ ಗಡ್ಡೆಗೆ ಬೀಜೋಪಚಾರ ಸರಿಯಾದ ಕ್ರಮವೇ. ಏಳೇ ದಿನಕ್ಕೆ, ಬೀಜದ ಸಿಪ್ಪೆ ಇನ್ನೂ ಎಲೆಗೆ ಅಂಟಿಕೊಂಡಿರುವಾಗಲೇ ಕೊಯ್ದು ಹಸಿಯಾಗಿ ತಿನ್ನುವ ಸೊಪ್ಪಿಗೆ ಅದು ವಿಷ. ಗುಲಾಬಿ, ನೀಲಿ, ಕಡುಹಸಿರು, ಯಾವ ಬಣ್ಣದ ಲೇಪವಿದ್ದರೂ ಅಂಥ ಬೀಜ ಮನೆಗೆ ಬರಬಾರದು. ತೊಳೆದರೆ ಹೋಗುತ್ತದೆ ಎನ್ನುವವರ ಮಾತನ್ನು ಕೇಳಬಾರದು, ಏಕೆಂದರೆ ಬೀಜದೊಳಕ್ಕೆ ಇಳಿಯುವಂಥ ಔಷಧಗಳೂ ಇವೆ.

ಈಗ ಮೂಲಂಗಿ, ಹರಿವೆ ಬೀಜಗಳನ್ನು ಉಪಚಾರ ಮಾಡಿಲ್ಲವೆಂದು ಖಚಿತಪಡಿಸಿಕೊಂಡೇ ತರುತ್ತೇನೆ. ನವೆಂಬರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳ ಇದಕ್ಕೆ ಒಳ್ಳೆಯ ಜಾಗ. ಬೀಜವನ್ನು ತಾವೇ ಉಳಿಸಿಕೊಂಡ ರೈತರೊಡನೆ ಮುಖಾಮುಖಿ ಮಾತಾಡಬಹುದು. ಹರಿವೆಯಲ್ಲಿ ಕೆಂಪು ಹರಿವೆಯೇ ನನಗೆ ಇಷ್ಟ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅರುಣಿಮಾ ಎಂಬ ತಳಿಯ ಎಲೆ ಬಲಿತಾಗ ನೇರಳೆಗೆಂಪು. ಎಳೆಯದರಲ್ಲಿ ಆ ಬಣ್ಣ ಇನ್ನೂ ತಿಳಿಯಾಗಿ, ಬೆಳಕಿಗೆ ಹಿಡಿದರೆ ಗಾಜಿನ ಬಳೆಯ ಹಾಗೆ ಕಾಣುತ್ತದೆ. ಬೀಟ್‌ರೂಟಿಗೆ ಬಣ್ಣ ಕೊಡುವ ವರ್ಗದ ವಸ್ತುವೇ ಹರಿವೆಯಲ್ಲೂ ಇರುವುದು, ಮೊಸರಿಗೆ ಹಾಕಿದ ಕೂಡಲೇ ಅದು ಬಣ್ಣ ಬಿಡುತ್ತದೆ.

ಬಿತ್ತುವುದಕ್ಕೆ ಎರಡಂಗುಲ ಎತ್ತರದ ಯಾವ ಡಬ್ಬಿಯಾದರೂ ಸಾಕು. ನಾನು ಅರ್ಧ ಕಿಲೋ ಸ್ವೀಟಿನ ಪ್ಲಾಸ್ಟಿಕ್ ಡಬ್ಬಿಗೆ ಕಾಯಿಸಿದ ದಬ್ಬಳದಿಂದ ಹತ್ತು ಹನ್ನೆರಡು ತೂತು ಮಾಡಿ, ಅದರ ಮುಚ್ಚಳವನ್ನೇ ಕೆಳಗೆ ತಟ್ಟೆಯಾಗಿ ಇಡುತ್ತೇನೆ. ಅದರೊಳಗೆ ಒಂದಂಗುಲ ಕೋಕೋಪೀಟ್. ತಿಪಟೂರು, ಅರಸೀಕೆರೆಗಳ ಕಡೆಯ ತೆಂಗಿನ ನಾರಿನ ಘಟಕಗಳಲ್ಲಿ ನಾರು ತೆಗೆದ ಮೇಲೆ ಉಳಿಯುವ ಪುಡಿಯೇ ಇದು. 650 ಗ್ರಾಮಿನ ಇಟ್ಟಿಗೆಯೊಂದನ್ನು ನೀರಿನಲ್ಲಿ ಬಿಟ್ಟರೆ ಅರ್ಧ ಬಕೆಟ್ ಉಬ್ಬುತ್ತದೆ. ಅದರಲ್ಲಿ ಉಪ್ಪಿನಂಶ ಇರುವುದರಿಂದ ಹಾಗೆಯೇ ಬಳಸಬಾರದು. ಬಟ್ಟೆಯಲ್ಲಿ ಹಾಕಿ ಹಿಂಡಿದರೆ ಮೊದಲ ಸಲ ಚಹಾದಂಥ ಕಂದು ನೀರು ಬರುತ್ತದೆ. ಮೂರನೆಯ ಸಲ ನೀರು ತಿಳಿಯಾದ ಮೇಲೆ ಬಳಸಬೇಕು. ಹದ ನೋಡುವ ಬಗೆ ಸುಲಭ: ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕಬೇಕು, ಧಾರೆ ಇಳಿಯಬಾರದು. ನೀರಿನ ವಿಷಯದಲ್ಲಿ ನಮ್ಮ ಕಟ್ಟಡದ ಬೋರ್‌ವೆಲ್ ನೀರು ಗಡಸು. ಅದನ್ನು ಚಿಮುಕಿಸಿದರೆ ಎರಡೇ ವಾರದಲ್ಲಿ ಡಬ್ಬಿಯ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಕಾವೇರಿ ನೀರು ಬಂದ ದಿನ ಎರಡು ಬಾಟಲಿ ಹಿಡಿದಿಟ್ಟುಕೊಳ್ಳುತ್ತೇನೆ.

ಎಷ್ಟು ಬೀಜ ಎಂಬುದರಲ್ಲಿ ಎಲ್ಲರ ಕೈಯೂ ಮೊದಲು ಧಾರಾಳವಾಗಿರುತ್ತದೆ. ಹೆಚ್ಚು ಬಿತ್ತಿದರೆ ಹೆಚ್ಚು ಸೊಪ್ಪು ಎಂಬ ಲೆಕ್ಕ ಹೊಲದಲ್ಲೂ ತಪ್ಪು, ಡಬ್ಬಿಯಲ್ಲೂ ತಪ್ಪು. ಸುಮಾರು ಇಪ್ಪತ್ತು ಸೆಂಟಿಮೀಟರ್ ಉದ್ದ, ಹದಿನೈದು ಸೆಂಟಿಮೀಟರ್ ಅಗಲದ ಡಬ್ಬಿಗೆ ಸಾಸಿವೆ ಒಂದು ಟೀ ಚಮಚ, ಮೂಲಂಗಿ ಎರಡು ಟೀ ಚಮಚ, ಮೆಂತ್ಯ ಎರಡರಿಂದ ಎರಡೂವರೆ, ಹರಿವೆ ಅರ್ಧ ಚಮಚಕ್ಕೂ ಕಡಿಮೆ. ಬೀಜದ ಪಕ್ಕದಲ್ಲಿ ಬೀಜ ಇರಬಹುದು, ಬೀಜದ ಮೇಲೆ ಬೀಜ ಕೂರಬಾರದು. ಹರಿವೆಯ ಬೀಜ ಗಸಗಸೆಯಷ್ಟೇ ಸಣ್ಣದು, ಹೊಳೆಯುವ ಕಪ್ಪು ಬೇರೆ. ಕೈಯಿಂದ ಉದುರಿಸಿದರೆ ಒಂದೇ ಕಡೆ ಗುಡ್ಡೆಯಾಗುತ್ತದೆ. ಅವ್ವ ಊರಿನಲ್ಲಿ ಹರಿವೆಯನ್ನು ಮರಳಿನೊಡನೆ ಬೆರೆಸಿ ಚೆಲ್ಲುತ್ತಿದ್ದುದು ನೆನಪಾಗಿ ನಾನೂ ಒಣ ಮರಳು ಬೆರೆಸಿ, ಖಾಲಿಯಾದ ಪೌಡರ್ ಡಬ್ಬಿಯಿಂದ ಉದುರಿಸುತ್ತೇನೆ.

ನೆನೆಸುವ ವಿಷಯದಲ್ಲಿ ಬೀಜಕ್ಕೊಂದು ರೀತಿ. ಮೆಂತ್ಯವನ್ನು ರಾತ್ರಿಯಿಡೀ ನೆನೆಸಿ ಬೆಳಗ್ಗೆ ಎರಡು ನೀರಿನಲ್ಲಿ ತೊಳೆಯಬೇಕು. ಸಾಸಿವೆಗೂ ಹರಿವೆಗೂ ನೆನೆಸುವುದು ಬೇಕಿಲ್ಲ. ಅಳ್ವಿ, ಕಾಮಕಸ್ತೂರಿ, ಅಗಸೆಗಳನ್ನು ನೆನೆಸಲೇಬಾರದು. ನೀರು ಸೋಕಿದ ಕ್ಷಣದಿಂದ ಅವು ಲೋಳೆ ಬಿಡುತ್ತವೆ, ಆಮೇಲೆ ಹರಡುವುದಕ್ಕೆ ಬರುವುದಿಲ್ಲ. ಒಣ ಬೀಜವನ್ನೇ ಒದ್ದೆ ಕೋಕೋಪೀಟ್ ಮೇಲೆ ಉದುರಿಸಿದರೆ ಪ್ರತಿ ಬೀಜವೂ ತನ್ನ ಸುತ್ತ ಲೋಳೆಯ ಗುಳ್ಳೆ ಕಟ್ಟಿಕೊಂಡು ಇದ್ದಲ್ಲೇ ಅಂಟಿಕೊಳ್ಳುತ್ತದೆ. ಇಂಗ್ಲೆಂಡಿನ ಮಕ್ಕಳು ಶಾಲೆಯಲ್ಲಿ ಒದ್ದೆ ಹತ್ತಿಯ ಮೇಲೆ ಬೆಳೆಸುವುದು ಈ ಅಳ್ವಿಯನ್ನೇ, ಸಾಸಿವೆಯ ಜೊತೆಯಲ್ಲಿ.

ಬಿತ್ತಿದ ಮೇಲೆ ಎರಡು ಮೂರು ದಿನ ಕತ್ತಲು ಬೇಕು. ಡಬ್ಬಿಯೊಳಗೆ ಬೀಜದ ಮೇಲೆಯೇ ಅದೇ ಅಳತೆಯ ಇನ್ನೊಂದು ಡಬ್ಬಿಯನ್ನು ಕೂರಿಸಿ, ಅದರ ಮೇಲೆ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಇಡುತ್ತೇನೆ. ಭಾರ ಹೇರುವುದು ಕ್ರೌರ್ಯದಂತೆ ಕಾಣುತ್ತದೆ, ಆದರೆ ಭಾರವಿಲ್ಲದಿದ್ದರೆ ಮೂಲಂಗಿಯ ಬೇರು ಕೆಳಕ್ಕಿಳಿಯುವ ಬದಲು ಬೀಜವನ್ನೇ ಮೇಲಕ್ಕೆತ್ತಿ ನಿಲ್ಲಿಸುತ್ತದೆ. ಮೂರನೆಯ ದಿನ ಬೆಳಗ್ಗೆ ನೋಡಿದರೆ ಬೆಂಡೆಬೀಜಕ್ಕಿಂತ ಸಣ್ಣ ಆ ಬೀಜಗಳು ಒಟ್ಟಾಗಿ ಉಪ್ಪಿನ ಪ್ಯಾಕೆಟ್ಟನ್ನು ಒಂದು ಕಡೆ ಅರ್ಧ ಅಂಗುಲ ಎತ್ತಿ ವಾಲಿಸಿರುತ್ತವೆ. ಆಗ ಮುಚ್ಚಳ ತೆಗೆಯಬೇಕು. ಒಳಗಿನ ಸಸಿ ಹಳದಿಯಾಗಿರುತ್ತದೆ, ಥೇಟ್ ದೇವರ ಮನೆಯ ಕತ್ತಲಲ್ಲಿ ಬೆಳೆದ ಘಟ್ಟದ ಸಸಿಯ ಹಳದಿ. ಬೆಳಕಿಗಿಟ್ಟು ನಾಲ್ಕು ಗಂಟೆ ಬಿಟ್ಟು ಬಂದು ನೋಡಿದರೆ ಹಸಿರು ತಿರುಗಲು ಶುರುವಾಗಿರುತ್ತದೆ. ನನ್ನ ಬಾಲ್ಕನಿಯ ಮೂರು ಗಂಟೆಯ ಬಿಸಿಲು ಟೊಮೆಟೊಗೆ ಸಾಲದೆ ಹೋಯಿತು, ಇದಕ್ಕೆ ಧಾರಾಳ. ಕತ್ತಲಲ್ಲಿ ಇನ್ನೂ ಎರಡು ದಿನ ಮರೆತರೆ ಮಾತ್ರ ದಂಟು ದಾರದಂತೆ ಉದ್ದವಾಗಿ ಮಲಗುತ್ತದೆ, ಆಮೇಲೆ ಎಷ್ಟು ಬೆಳಕು ಕೊಟ್ಟರೂ ಏಳುವುದಿಲ್ಲ.

ಬಿತ್ತನೆಯ ಮೂರನೆಯ, ನಾಲ್ಕನೆಯ ದಿನದಲ್ಲಿ ಹೊಸಬರು ಬೆಚ್ಚಿಬೀಳುವ ಒಂದು ಸಂಗತಿ ಇದೆ. ನಾನು ಎರಡನೆಯ ಸಲ ಬಿತ್ತಿದ ಮೂಲಂಗಿಯ ಬುಡದಲ್ಲೆಲ್ಲ ಬಿಳಿಯ ಹತ್ತಿಯಂಥ ನವಿರು ಕಾಣಿಸಿತು. ಬೂಷ್ಟು ಬಂತೆಂದು ನಿಶ್ಚಯಿಸಿ, ಇಡೀ ಡಬ್ಬಿಯನ್ನು ಹಸಿಕಸದ ಬಕೆಟ್ಟಿಗೆ ಸುರಿದೆ. ಅದು ಬೇರಿನ ರೋಮವಾಗಿತ್ತು. ಮೂಲಂಗಿ, ಸಾಸಿವೆಗಳ ಎಳೆ ಬೇರಿಗೆ ಸುತ್ತಲೂ ಇಂಥ ರೋಮ ದಟ್ಟವಾಗಿ ಬರುತ್ತದೆ. ನೀರು ಚಿಮುಕಿಸಿದರೆ ಅದು ಬೇರಿಗೆ ಅಂಟಿ ಕಣ್ಣಿಗೆ ಕಾಣದಾಗುತ್ತದೆ. ಬೂಷ್ಟಾದರೆ ಎಷ್ಟು ಚಿಮುಕಿಸಿದರೂ ಜೇಡರ ಬಲೆಯಂತೆ ಒಂದು ಸಸಿಯಿಂದ ಇನ್ನೊಂದಕ್ಕೆ ಹಾಯ್ದಿರುತ್ತದೆ, ಮುಟ್ಟಿದರೆ ಜಿಗುಟು, ಮೂಸಿದರೆ ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗು ವಾಸನೆ. ಒಳ್ಳೆಯ ಬೆಳೆಯನ್ನು ಎಸೆದ ಸಂಕಟ ನನಗೆ ಬಹಳ ದಿನ ಇತ್ತು. ನಿಜವಾದ ಬೂಷ್ಟು ಬಂದದ್ದು ಜುಲೈನಲ್ಲಿ, ಜಡಿಮಳೆ ಹಿಡಿದ ವಾರ. ಆಗ ಎರಡು ಡಬ್ಬಿ ಹೋದವು. ಇನ್ನೊಂದರಲ್ಲಿ ಬೂಷ್ಟು ಕಾಣಿಸದೆಯೇ ಸಸಿಗಳ ಬುಡ ನೂಲಿನಂತೆ ಸಣ್ಣಗಾಗಿ, ಬೆಳಗಾಗುವಷ್ಟರಲ್ಲಿ ಒಂದು ಮೂಲೆ ಪೂರ್ತಿ ಮಲಗಿತ್ತು. ತಂಬಾಕಿನ ಸಸಿಮಡಿ ಮಾಡುವವರಿಗೆ ಚಿರಪರಿಚಿತವಾದ ಸಸಿ ಕೊಳೆಯುವ ರೋಗ ಅದು. ಮೇಲಿನಿಂದ ನೀರು ಚಿಮುಕಿಸುವುದನ್ನು ಬಿಟ್ಟು ಕೆಳಗಿನ ಮುಚ್ಚಳಕ್ಕೆ ನೀರು ಹಾಕಿ ಹತ್ತು ನಿಮಿಷದ ಮೇಲೆ ಉಳಿದದ್ದನ್ನು ಚೆಲ್ಲುವುದು, ಬೀಜವನ್ನು ಕಾಲುಭಾಗ ಕಡಿಮೆ ಮಾಡುವುದು, ದಿನಕ್ಕೆ ಎರಡು ಗಂಟೆ ಫ್ಯಾನಿನ ಗಾಳಿ ತಾಗಿಸುವುದು, ಈ ಮೂರರಿಂದ ಕಳೆದ ಮಳೆಗಾಲ ಸುಖವಾಗಿ ಕಳೆಯಿತು.

ಮೆಂತ್ಯದ ಬೀಜವನ್ನು ನಾನು ಈಗ ಎರಡು ಸಲ ತೊಳೆಯುವುದಕ್ಕೆ ಇನ್ನೊಂದು ಕಾರಣವಿದೆ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಉಗ್ರ ತಳಿಯೊಂದರಿಂದ ಸುಮಾರು 4,000 ಜನ ಕಾಯಿಲೆ ಬಿದ್ದು, 50ಕ್ಕೂ ಹೆಚ್ಚು ಮಂದಿ ಸತ್ತರು. ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ಗೂಬೆ ಕೂರಿಸಲಾಯಿತು. ಕೊನೆಗೆ ಜಾಡು ಹೋಗಿ ಮುಟ್ಟಿದ್ದು ಹಸಿಯಾಗಿ ತಿಂದ ಮೊಳಕೆಗಳಿಗೆ, ಅಲ್ಲಿಂದ ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜಕ್ಕೆ. ಮೊಳಕೆ ಬೆಳೆಸುವ ಬೆಚ್ಚಗಿನ ತೇವ ಬ್ಯಾಕ್ಟೀರಿಯಾಗಳಿಗೂ ಹೇಳಿ ಮಾಡಿಸಿದ ಜಾಗ. ಬೇರನ್ನೂ ಬೀಜವನ್ನೂ ಬಿಟ್ಟು ಮೇಲಿನದನ್ನಷ್ಟೇ ಕೊಯ್ಯುವುದರಿಂದ ಎಳೆಸೊಪ್ಪಿನಲ್ಲಿ ಈ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು. ಪ್ರತಿ ಬೆಳೆಯ ನಂತರ ಡಬ್ಬಿಯನ್ನು ಸೋಪಿನಿಂದ ತೊಳೆದು ಬಿಸಿಲಿಗಿಡುತ್ತೇನೆ, ಕೋಕೋಪೀಟ್ ಮರುಬಳಕೆ ಮಾಡದೆ ಕರಿಬೇವಿನ ಕುಂಡಕ್ಕೆ ಸುರಿಯುತ್ತೇನೆ. ನನ್ನ ನಾದಿನಿ ಬಸುರಿಯಾಗಿದ್ದಾಗ ಅವಳಿಗೆ ಹಸಿಯಾಗಿ ಕೊಡಲಿಲ್ಲ, ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸಿ ಬೇಯಿಸಿ ಕೊಟ್ಟೆ.

ಈಗ ಘಟ್ಟದ ಸಸಿಯ ಮಾತಿಗೆ ಬರುತ್ತೇನೆ. ಘಟ್ಟದಲ್ಲಿ ಬಿತ್ತುವ ಕಾಳುಗಳಲ್ಲಿ ಜೋಳವೂ ಇರುತ್ತದೆ. ಎಳೆ ಜೋಳದ ಪೈರಿನಲ್ಲಿ ಅಗಿದಾಗ ಸಯನೈಡ್ ಬಿಡುಗಡೆ ಮಾಡುವ ವಸ್ತು ಇದೆ. ಮಳೆ ಕೈಕೊಟ್ಟು ಮುರುಟಿದ ಎಳೆ ಜೋಳಕ್ಕೆ ಬಾಯಿಹಾಕಿದ ದನ ನಿಂತಲ್ಲೇ ಉರುಳಿದ ಕಥೆ ಉತ್ತರ ಕರ್ನಾಟಕದ ಒಕ್ಕಲು ಮನೆಗಳಲ್ಲಿ ಯಾರಿಗೂ ಹೊಸದಲ್ಲ. ಗೋಧಿಯ ಹುಲ್ಲಿನ ರಸ ಕುಡಿಯುವ ಉತ್ಸಾಹದಲ್ಲಿ ಜೋಳದ ಹುಲ್ಲನ್ನೂ ಹಿಂಡಬಾರದು. ಟೊಮೆಟೊ, ಬದನೆ, ಮೆಣಸಿನಕಾಯಿಗಳ ಸಸಿಯನ್ನೂ ತಿನ್ನಬಾರದು. ರಾಜ್ಮಾ ಮೊಳಕೆ ಹಸಿಯಾಗಿದ್ದರೆ ಹೊಟ್ಟೆ ಕೆಡಿಸುತ್ತದೆ. ಎಲ್ಲ ಬೀಜವೂ ನಮಗಾಗಿ ಬುತ್ತಿ ಕಟ್ಟಿಕೊಂಡಿಲ್ಲ, ಕೆಲವು ಬುತ್ತಿಗೆ ಕಾವಲನ್ನೂ ಇಟ್ಟುಕೊಂಡಿವೆ.

ಪೌಷ್ಟಿಕತೆಯ ಬಗ್ಗೆ ಹೇಳದಿದ್ದರೆ ಓದುಗರು ಬಿಡುವುದಿಲ್ಲ. ಮಾರುವ ಡಬ್ಬಿಗಳ ಮೇಲೆ “40 ಪಟ್ಟು ಹೆಚ್ಚು ಪೋಷಕಾಂಶ” ಎಂದು ಬರೆದಿರುವುದನ್ನು ನೀವೂ ಕಂಡಿರಬಹುದು. ಈ ನಲವತ್ತಕ್ಕೆ ಒಂದು ಮೂಲವಿದೆ. ಅಮೆರಿಕದ ಕೃಷಿ ಇಲಾಖೆ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 25 ಬಗೆಯ ಎಳೆಸೊಪ್ಪುಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಂಪು ಎಲೆಕೋಸಿನ ಎಳೆಸಸಿಯಲ್ಲಿ ಬಲಿತ ಕೋಸಿಗಿಂತ 40 ಪಟ್ಟು ವಿಟಮಿನ್ ಇ ಕಂಡುಬಂತು. ಒಂದು ಸೊಪ್ಪಿನ ಒಂದು ವಿಟಮಿನ್ನಿನ ಲೆಕ್ಕ ಅದು. ಅದನ್ನೇ ಎಲ್ಲ ಸೊಪ್ಪಿನ ಎಲ್ಲ ಸತ್ವಕ್ಕೂ ಹೊಂದಿಸಿ ಮಾರುತ್ತಿದ್ದಾರೆ. ಅದೇ ಅಧ್ಯಯನದಲ್ಲಿ ಕ್ಯಾರೋಟಿನಾಯ್ಡ್‌ಗಳಿಗೆ ಕೊತ್ತಂಬರಿ, ವಿಟಮಿನ್ ಕೆಗೆ ಕೆಂಪು ಹರಿವೆ, ವಿಟಮಿನ್ ಇಗೆ ಒಂದು ಜಾತಿಯ ಮೂಲಂಗಿ ಮೊದಲ ಸ್ಥಾನ ಪಡೆದದ್ದು ನನಗೆ ಹೆಚ್ಚು ಸಂತೋಷ ಕೊಟ್ಟ ಸಂಗತಿ, ಏಕೆಂದರೆ ಮೂರೂ ನಮ್ಮ ಮನೆಯಲ್ಲಿ ಬೆಳೆಯುವಂಥವು. ಆದರೂ ಬುತ್ತಿಯ ಲೆಕ್ಕವನ್ನು ಮರೆಯಬಾರದು. ವಿಟಮಿನ್ ಸಿಯಂಥದ್ದನ್ನು ಸಸಿ ತಾನೇ ತಯಾರಿಸಿಕೊಳ್ಳಬಲ್ಲದು. ಕಬ್ಬಿಣ, ಸುಣ್ಣದಂಶಗಳನ್ನು ಶೂನ್ಯದಿಂದ ಹುಟ್ಟಿಸಲಾರದು. ತೊಳೆದ ಕೋಕೋಪೀಟ್‌ನಲ್ಲಿ, ಗೊಬ್ಬರವಿಲ್ಲದೆ ಬೆಳೆದ ಎರಡು ಚಮಚ ಮೆಂತ್ಯದ ಸಸಿಯಲ್ಲಿ ಇರುವ ಕಬ್ಬಿಣ ಹೆಚ್ಚುಕಡಿಮೆ ಆ ಎರಡು ಚಮಚ ಮೆಂತ್ಯದಲ್ಲಿ ಇದ್ದದ್ದೇ. ಜೊತೆಗೆ, ನಾವು ನಾಲ್ವರು ಒಂದು ಹೊತ್ತಿಗೆ ದಂಟಿನ ಸೊಪ್ಪಿನ ಹುಳಿಯಲ್ಲಿ ದೊಡ್ಡದೊಂದು ಕಟ್ಟನ್ನು ಮುಗಿಸುತ್ತೇವೆ; ನನ್ನ ಡಬ್ಬಿಯ ಬೆಳೆ ಅರವತ್ತು ಗ್ರಾಂ ಮೀರುವುದಿಲ್ಲ. ತಳ್ಳುಗಾಡಿಯ ಸೊಪ್ಪನ್ನು ನಾನು ಇದರಿಂದಾಗಿ ಒಂದು ದಿನವೂ ಬಿಟ್ಟಿಲ್ಲ.

ವಿಟಮಿನ್ ಕೆಯ ವಿಷಯ ನಮ್ಮ ಮನೆಯಲ್ಲಿ ಬರಿಯ ಮಾಹಿತಿಯಾಗಿ ಉಳಿಯಲಿಲ್ಲ. ಮಾವನವರು ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಈ ಮಾತ್ರೆ ಕೆಲಸ ಮಾಡುವುದೇ ವಿಟಮಿನ್ ಕೆಗೆ ಎದುರಾಗಿ; ಸೊಪ್ಪನ್ನು ಏಕಾಏಕಿ ಹೆಚ್ಚಿಸಿದರೂ ಏಕಾಏಕಿ ನಿಲ್ಲಿಸಿದರೂ ಮಾತ್ರೆಯ ಅಳತೆ ಏರುಪೇರಾಗುತ್ತದೆ. ವೈದ್ಯರು ಸೊಪ್ಪು ಬೇಡ ಎನ್ನಲಿಲ್ಲ, ವಾರದಿಂದ ವಾರಕ್ಕೆ ಒಂದೇ ಪ್ರಮಾಣದಲ್ಲಿ ಇರಲಿ ಎಂದರು. ಹಾಗಾಗಿ ಹರಿವೆ ಕೊಯ್ದ ದಿನ ಅವರ ಬಟ್ಟಲಿಗೆ ಎಷ್ಟು ಬೀಳುತ್ತದೆ ಎಂಬುದರ ಮೇಲೆ ಅತ್ತೆಯವರ ಕಣ್ಣಿರುತ್ತದೆ.

ಅಡುಗೆಗೆ ಬಂದರೆ, ಎಳೆಸೊಪ್ಪಿಗೆ ತಕ್ಕ ಜಾಗ ಕೋಸಂಬರಿ ಮತ್ತು ಮೊಸರು ಬಜ್ಜಿ. ಹೆಸರುಬೇಳೆ ಕೋಸಂಬರಿಗೆ ಕ್ಯಾರೆಟ್ಟಿನ ಬದಲು ಒಂದು ಹಿಡಿ ಮೂಲಂಗಿ ಸಸಿ ಹಾಕಿದರೆ ಹಸಿಮೆಣಸಿನಕಾಯಿಯನ್ನು ಅರ್ಧಕ್ಕೆ ಇಳಿಸಬಹುದು. ಸಾಸಿವೆಯ ಸಸಿಯನ್ನು ಬೇಯಿಸಬಾರದು. ಒಗ್ಗರಣೆಗೆ ಸಿಡಿಸಿದ ಸಾಸಿವೆ ಸೌಮ್ಯವಾಗುತ್ತದೆ, ಹಸಿಯಾಗಿ ಅರೆದದ್ದು ಮೂಗಿಗೆ ಏರುತ್ತದೆ ಎಂಬುದು ಅಡುಗೆ ಮಾಡುವವರಿಗೆಲ್ಲ ಗೊತ್ತಿರುವುದೇ. ಬೀಜವಾಗಲಿ ಎಲೆಯಾಗಲಿ ಜಜ್ಜಿದಾಗ ಒಳಗಿನ ಕಿಣ್ವವೊಂದು ಆ ಘಾಟನ್ನು ಹುಟ್ಟಿಸುತ್ತದೆ, ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ. ಮೆಂತ್ಯದ ಸಸಿಯ ಕಹಿ ಬಲಿತ ಸೊಪ್ಪಿಗಿಂತ ಬಹಳ ಕಡಿಮೆ. ನನಗೆ ಅದು ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿಯ ಜೊತೆಗೆ ಬೇಕು. ಅತ್ತೆಯವರು ಅದನ್ನೇ ತೆಂಗಿನಕಾಯಿ, ಜೀರಿಗೆಯೊಡನೆ ಅರೆದು ಮಜ್ಜಿಗೆ ಸೇರಿಸಿ ತಂಬುಳಿ ಮಾಡುತ್ತಾರೆ. ಕೊಯ್ಯುವ ಹಿಂದಿನ ರಾತ್ರಿ ನೀರು ಕೊಡದಿದ್ದರೆ, ಉಳಿದ ಸೊಪ್ಪು ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿ ಫ್ರಿಜ್ಜಿನೊಳಗೆ ನಾಲ್ಕೈದು ದಿನ ಇರುತ್ತದೆ.

ಇದೆಲ್ಲ ಹೊರದೇಶದ ಹೊಸ ಹುಚ್ಚು ಎಂದುಕೊಂಡಿದ್ದ ನನ್ನನ್ನು ತಿದ್ದಿದವರು ಅವ್ವನ ಸೋದರಿ, ನಮ್ಮ ಮೌಶಿ. ಅವರು ನಲವತ್ತು ವರ್ಷ ಮುಂಬಯಿಯ ಮಾಟುಂಗದಲ್ಲಿದ್ದವರು. ನನ್ನ ಡಬ್ಬಿಯನ್ನು ನೋಡಿದ ಕೂಡಲೇ, “ಇದು ನಮ್ಮ ಸಮುದ್ರ ಮೇಥಿ ಅಲ್ಲೇನ? ಇದಕ್ಯಾಕ ಇಷ್ಟು ದೊಡ್ಡ ಹೆಸರು?” ಎಂದರು. ಮುಂಬಯಿಯ ಮಾರುಕಟ್ಟೆಗಳಲ್ಲಿ ಸಮುದ್ರದ ಬದಿಯ ಮರಳಿನಲ್ಲಿ ಒತ್ತಾಗಿ ಬಿತ್ತಿ, ಬಿಳಿ ದಂಟಿನ ಎಳೆ ಮೆಂತ್ಯವನ್ನು ಬೇರು ಸಮೇತ ಕಿತ್ತು, ಪುಟ್ಟ ಪುಟ್ಟ ಕಟ್ಟು ಕಟ್ಟಿ ಮಾರುವುದು ಹಳೆಯ ರೂಢಿ. ಮರಳು ಹೋಗುವವರೆಗೆ ಐದಾರು ನೀರಿನಲ್ಲಿ ಜಾಲಿಸುವುದೇ ಅದರ ದೊಡ್ಡ ಕೆಲಸವಂತೆ. ಬೇರು ತೆಗೆದು, ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಎರಡೇ ನಿಮಿಷ ತಿರುವಿ, ಮೇಲೆ ಕಾಯಿತುರಿ ಹಾಕುವ ಮೌಶಿಯ ಪಲ್ಲೆಯನ್ನು ನಾನು ಮಾಡಿ ನೋಡಿದೆ. ಮೂರು ಡಬ್ಬಿಯ ಬೆಳೆ ಬಾಣಲೆಯಲ್ಲಿ ಒಂದು ಸೌಟಿನಷ್ಟಾಯಿತು. ಅತ್ತೆಯವರು ಏನೂ ಹೇಳಲಿಲ್ಲ, ನಕ್ಕರು.

ಈಗ ಬಾಲ್ಕನಿಯಲ್ಲಿ ನಾಲ್ಕು ಡಬ್ಬಿಗಳಿವೆ. ಸಾಸಿವೆ ನಾಳೆ ಕೊಯ್ಲಿಗೆ ಬರುತ್ತದೆ, ಹರಿವೆ ಕೆಂಪಾಗತೊಡಗಿದೆ, ಮೆಂತ್ಯ ಸಿಪ್ಪೆಯ ಟೋಪಿಯನ್ನು ಇನ್ನೂ ತಲೆಯ ಮೇಲೆ ಹೊತ್ತು ನಿಂತಿದೆ. ನಾಲ್ಕನೆಯದು ಕೊತ್ತಂಬರಿ. ನಾವು ಬೀಜ ಎನ್ನುವ ಕೊತ್ತಂಬರಿಯ ಒಂದು ಗುಂಡು ನಿಜವಾಗಿ ಎರಡು ಬೀಜಗಳನ್ನು ಒಳಗಿಟ್ಟುಕೊಂಡ ಒಣ ಕಾಯಿ. ಊರಿನಲ್ಲಿ ಅದನ್ನು ಚಪ್ಪಲಿಯಡಿ ಉಜ್ಜಿ ಎರಡು ಹೋಳು ಮಾಡಿ ಬಿತ್ತುತ್ತಾರೆ, ನಾನು ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸುತ್ತೇನೆ. ಒಂದು ದಿನ ನೆನೆಸಿ ಬಿತ್ತಿ ಇಂದಿಗೆ ಹನ್ನೊಂದನೆಯ ದಿನ. ನಿನ್ನೆಯವರೆಗೆ ಡಬ್ಬಿ ಬೋಳಾಗಿಯೇ ಇತ್ತು. ಇಂದು ಬೆಳಗ್ಗೆ ಅತ್ತೆಯವರು ಕಾಫಿ ಲೋಟ ಹಿಡಿದು ಬಾಲ್ಕನಿಗೆ ಹೋದವರು ಅಲ್ಲಿಂದಲೇ ನನ್ನನ್ನು ಕರೆದರು. ಕೋಕೋಪೀಟ್ ಮೂರು ಕಡೆ ಸಣ್ಣಗೆ ಬಿರಿದು, ಒಂದು ಬಿರುಕಿನಲ್ಲಿ ಹೊಲಿಗೆಯ ಸೂಜಿಯಷ್ಟು ದಪ್ಪದ ಬಿಳಿ ದಂಟು ಬಿಲ್ಲಿನಂತೆ ಬಾಗಿ ಹೊರಗೆ ಬಂದಿತ್ತು. ಅದರ ತಲೆ ಇನ್ನೂ ಒಳಗೇ ಇತ್ತು.